ಉಳಿತಾಯ

ಮಾರ್ಚಿ ಹದಿನೆಂಟು. ಚಿಂತಾಮಣಿ ನಗರಸಭೆ,
ಲೆಕ್ಕ ಶಾಖೆ, ಸಂಜೆ ಏಳೂವರೆ.
ಫ್ಯಾನು ಹಾಕಿದರೆ ಹಾಳೆ ಹಾರುತ್ತವೆ,
ಆರಿಸಿದರೆ ನಾನು ಬೇಯುತ್ತೇನೆ.
ಅದಕ್ಕೇ ಆದಾಯದ ಮೇಲೆ ಸ್ಟೇಪ್ಲರು,
ಖರ್ಚಿನ ಮೇಲೆ ನನ್ನ ಊಟದ ಡಬ್ಬಿ.

ನಾಳೆ ಹನ್ನೊಂದಕ್ಕೆ ಸಭೆ.
ಅಧ್ಯಕ್ಷರು ಮಧ್ಯಾಹ್ನವೇ ಬಂದು ಹೇಳಿದ್ದಾರೆ:
"ಆದಿಲಕ್ಷ್ಮಮ್ಮಾ, ಉಳಿತಾಯ ಬಜೆಟ್ಟಾಗಬೇಕು.
ಎಷ್ಟಾದ್ರೂ ಆಗ್ಲಿ, ಉಳೀಬೇಕು."

ಮನೆ ಕಂದಾಯ ನೂರಕ್ಕೆ ಐದು ಏರಿಸಿದರೆ
ಇಪ್ಪತ್ತೊಂದು ಲಕ್ಷ.
ಮೂರು ಏರಿಸಿದರೆ ಹನ್ನೆರಡೂವರೆ, ಚಿಲ್ಲರೆ.
ಏರಿಸದೇ ಇದ್ದರೆ ಚಪ್ಪಾಳೆ.

ಕಂದಾಯದ ಹಿಂದೆ ಬಾಲದ ಹಾಗೆ ಉಪಕರ:
ಆರೋಗ್ಯಕ್ಕೆ ಹದಿನೈದು, ಗ್ರಂಥಾಲಯಕ್ಕೆ ಆರು,
ಭಿಕ್ಷುಕರಿಗೆ ಮೂರು.
ಊರೆಲ್ಲ ತನ್ನ ಹೆಸರಲ್ಲಿ ಕಟ್ಟುತ್ತಿದೆಯೆಂದು
ಬಸ್‌ಸ್ಟ್ಯಾಂಡಿನ ಆವುಲಪ್ಪನಿಗೆ ಗೊತ್ತಿಲ್ಲ.
ನನ್ನನ್ನು ಅವನು ದಿನಾ ಬೇರೆ ಕೇಳುತ್ತಾನೆ.

ನೀರು ಬಿಡುವ ಪಿಳ್ಳಪ್ಪ ಬಾಗಿಲಲ್ಲಿ ನಿಂತ,
ವಾಲ್ವು ತಿರುವುವ ಕಬ್ಬಿಣದ ಕೀಲಿ ಹೆಗಲ ಮೇಲೆ.
"ಎಂಟನೇ ವಾರ್ಡಿಗೆ ಒಂಬತ್ತು ದಿನ ಆಯ್ತು ಮೇಡಂ,
ಮೋಟರು ಸುಟ್ಟೋಗೈತೆ.
ನಮ್ಮ ತಾತ ನೀರುಗಂಟಿ. ತೂಬು ಎತ್ತಿದ್ರೆ
ಊರು ಕಣದಾಗೆ ಭತ್ತ ಅಳೆದು ಕೊಡ್ತಿತ್ತು,
ಒಂದು ಗದ್ದೆ ತಪ್ಪಿದ್ರೆ ಅಲ್ಲೇ ಬೈತಿತ್ತು.
ಈಗ ನೋಡಿ,
ಬೈಗುಳ ನಂಗೆ, ಭತ್ತ ನಿಮಗೆ."

ಮೊನ್ನೆ ಖುರ್ಷಿದಾ ಬೀ ರಸೀದಿ ಹಿಡಿದು ಬಂದಿದ್ದಳು.
ಇಪ್ಪತ್ತು ಮೂವತ್ತರ ಮನೆ, ಒಂದು ಹೊಲಿಗೆ ಮಿಷಿನು.
"ಎಂಟು ತಿಂಗಳಿಂದ ನಮ್ಮ ಗಲ್ಲಿಲಿ ದೀಪ ಇಲ್ಲ.
ಕತ್ಲೆಗೂ ಇದೇ ರೇಟಾ ಅಮ್ಮಾ?"
ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ ಅಂದೆ.
ಅಂದಮೇಲೆ ನಾಚಿಕೆಯಾಯಿತು.
ಬೈಪಾಸಿನ ಕಲ್ಯಾಣ ಮಂಟಪ, ಒಂದು ಪಂಕ್ತಿಗೆ ಆರುನೂರು ಎಲೆ,
ನಮ್ಮ ಪುಸ್ತಕದಲ್ಲಿ ಇವತ್ತಿಗೂ ವಾಸದ ಮನೆ.
ಇರಬಹುದು. ಪಾರಿವಾಳಗಳಿವೆ.

ಉಳಿತಾಯ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು,
ಹದಿನಾರು ವರ್ಷದಿಂದ ನಾನೇ ತರುತ್ತಿದ್ದೇನೆ.
ಪೌರಕಾರ್ಮಿಕರ ಹದಿನಾಲ್ಕು ಹುದ್ದೆ ಖಾಲಿ, ಅಷ್ಟು ಸಂಬಳ ಉಳಿಯಿತು.
ಗಂಗುಲಮ್ಮನ ಕೈಗವಸು ಟೆಂಡರಿನಲ್ಲೇ ನಿಂತಿತು,
ಅವಳ ಕೈಗೆ ಏನೇನು ಚುಚ್ಚಿತೋ, ದುಡ್ಡು ಉಳಿಯಿತು.
ಉರಿಯದ ದೀಪಕ್ಕೆ ಕರೆಂಟು ಬಿಲ್ಲು ಬರುವುದಿಲ್ಲ.
ಎಲ್ಲ ಕೂಡಿದರೆ ನಾಲ್ಕು ಲಕ್ಷ ಹನ್ನೊಂದು ಸಾವಿರ.
ದಪ್ಪಕ್ಷರದಲ್ಲಿ ಟೈಪು ಮಾಡಿದೆ.

ಆಮೇಲೆ, ಯಾಕೋ,
ನಮ್ಮ ಬೀದಿಯ ಪುಟ ತೆಗೆದೆ.
ನಮ್ಮ ಮನೆ: ನೆಲ ಅಂತಸ್ತು, ಆರುನೂರ ಹನ್ನೆರಡು ಚದರಡಿ.
ಮೇಲಿನ ಎರಡು ಕೋಣೆ ಅದರಲ್ಲಿಲ್ಲ.
ಕಟ್ಟಿ ಆರು ವರ್ಷ. ಬಾಡಿಗೆ ತಿಂಗಳಿಗೆ ನಾಲ್ಕು ಸಾವಿರ.
"ಬೀದಿ ಬೀದಿಯೇ ಹಂಗೈತೆ, ನಿಂಗ್ಯಾಕೆ?" ಎಂದಿದ್ದರು ನಮ್ಮವರು ಆಗ.
ಹೌದು, ನನಗ್ಯಾಕೆ ಎಂದು ನಾನೂ ಅಂದಿದ್ದೆ.

ರಾತ್ರಿ ಹತ್ತು. ಮೆಟ್ಟಿಲು ಹತ್ತಿ
ಬಾಡಿಗೆಯ ನರ್ಸು ಹುಡುಗಿಯನ್ನು ಎಬ್ಬಿಸಿದೆ.
ಟೇಪಿನ ಒಂದು ತುದಿ ಅವಳ ಕೈಗೆ ಕೊಟ್ಟೆ,
ಮೊಬೈಲು ಬೆಳಕಲ್ಲಿ ಅಳೆದೆವು.
"ಬಾಡಿಗೆ ಏರಿಸ್ತೀರಾ ಆಂಟಿ?"
ಇಲ್ಲಮ್ಮ, ಎಂದೆ. ತಕ್ಷಣ ಹೇಳಲಾಗಲಿಲ್ಲ.
ಕಪಾಟು ಸರಿಸಲಿಕ್ಕಾಗದೆ ಒಂದು ಮೂಲೆ
ಅಂದಾಜಲ್ಲೇ ಹಿಡಿದೆವು.

ಉಪಕರ ಸೇರಿ ವರ್ಷಕ್ಕೆ ಐನೂರ ತೊಂಬತ್ತು.
ಹೋದ ವಾರ ಒಂದು ಟ್ಯಾಂಕರಿಗೆ
ಇದಕ್ಕಿಂತ ಹತ್ತು ಹೆಚ್ಚು ಕೊಟ್ಟಿದ್ದೆ.
ಆರು ವರ್ಷದ್ದು, ಬಡ್ಡಿ, ದಂಡ
ಕೂಡಲು ಹೋಗಿ ಪೆನ್ಸಿಲು ಇಟ್ಟುಬಿಟ್ಟೆ.

ನಾಳೆ ನೂರಕ್ಕೆ ಮೂರಕ್ಕೆ ಎಷ್ಟು ಕೈ ಏಳುತ್ತವೋ.
ಅವರು ಎತ್ತದಿದ್ದರೂ
ನನ್ನ ಅರ್ಜಿ ವ್ಯಾನಿಟಿ ಬ್ಯಾಗಲ್ಲಿದೆ.
ಕೊಡುತ್ತೇನೆ ಅಂತಲೇ ಮಲಗಿದೆ.

ಬೆಳಗಿನ ಜಾವ ನಾಲ್ಕಕ್ಕೆ ಬೀದಿಯಲ್ಲಿ
ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು.
ಪಿಳ್ಳಪ್ಪ ಇರಬೇಕು.
ನಲ್ಲಿ ಕೆಮ್ಮಿತು.
ಮೊದಲು ಗಾಳಿ ಬರುತ್ತದೆ, ಗಾಳಿಗೂ ಮೀಟರು ತಿರುಗುತ್ತದೆ.
ಕೊಡ ಇಟ್ಟುಕೊಂಡು ಕೂತೆ.